ಬಾಲ ನೋಡಿ ಕುಲ ಹೇಳಬಹುದೇ?

1894ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ವಾಲ್ಟರ್ ಮಿಗುಲಾ ಎಂಬ ಸಸ್ಯವಿಜ್ಞಾನಿ ಬ್ಯಾಕ್ಟೀರಿಯಾಗಳ ಹೊಸ ಕುಲವೊಂದಕ್ಕೆ ನಾಮಕರಣ ಮಾಡಿದರು. ಸ್ಯೂಡೊಮೊನಾಸ್ ಎಂದು ಹೆಸರು. ಕುಲದ ಲಕ್ಷಣ ಹೇಳಲು ಅವರು ಖರ್ಚು ಮಾಡಿದ್ದು ಒಂದೆರಡು ವಾಕ್ಯ: ಕೋಶದ ತುದಿಯಲ್ಲಿ ಚಲನೆಯ ಅಂಗ ಇರುತ್ತದೆ, ಕೆಲವು ಪ್ರಭೇದಗಳಲ್ಲಿ ಬೀಜಕ ಆಗುವುದುಂಟು, ಆದರೆ ಅಪರೂಪ. ಅಷ್ಟೇ. ಈ ಕುಲಕ್ಕೆ ಮಾದರಿಯಾಗಿ ಯಾವ ಬ್ಯಾಕ್ಟೀರಿಯಾವನ್ನು ಇಟ್ಟುಕೊಳ್ಳಬೇಕು ಎಂಬುದನ್ನೂ ಆಗ ಹೇಳಲಿಲ್ಲ. ಬೀಜಕದ ಮಾತು ಮುಂದೆ ಬಿದ್ದುಹೋಯಿತು. ಉಳಿದದ್ದು ಬಾಲ ಒಂದೇ. ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ, ಪಠ್ಯಪುಸ್ತಕಗಳು ಕಶಾಂಗ ಎಂದು ಕರೆಯುವ ಬಾಲ.

ಕನ್ನಡಕ ಹಾಕಿಕೊಂಡವರೆಲ್ಲ ಒಂದೇ ಮನೆತನದವರು ಎಂದು ಊರಿನ ಮತದಾರರ ಪಟ್ಟಿ ಬರೆದರೆ ಏನಾದೀತೋ ಅದೇ ಇಲ್ಲೂ ಆಯಿತು. ಕಡ್ಡಿಯಾಕಾರ, ಗ್ರಾಂ ಬಣ್ಣ ಹಚ್ಚಿದರೆ ಗುಲಾಬಿ, ತುದಿಯಲ್ಲಿ ಬಾಲ, ಬದುಕಲು ಆಮ್ಲಜನಕ ಬೇಕು: ಇಷ್ಟು ಕಂಡರೆ ಸಾಕು, ಸ್ಯೂಡೊಮೊನಾಸ್ ಎಂದು ಬರೆದುಕೊಳ್ಳುವುದು ರೂಢಿಯಾಯಿತು. ಮಣ್ಣಿನಲ್ಲಿ ಸಿಕ್ಕಿದ್ದು, ಕೆರೆಯಲ್ಲಿ ಸಿಕ್ಕಿದ್ದು, ಗಾಯದ ಕೀವಿನಲ್ಲಿ ಸಿಕ್ಕಿದ್ದು, ಕೊಳೆತ ಈರುಳ್ಳಿಯಲ್ಲಿ ಸಿಕ್ಕಿದ್ದು, ಎಲ್ಲವೂ ಒಂದೇ ಹೆಸರಿನಡಿ ಬಂದು ಸೇರಿದವು. ಸಸ್ಯರೋಗ ತಜ್ಞರದ್ದು ಇನ್ನೊಂದು ಪದ್ಧತಿ. ಯಾವ ಗಿಡದಲ್ಲಿ ಸಿಕ್ಕಿತೋ ಆ ಗಿಡದ ಹೆಸರಿನಲ್ಲಿ ಹೊಸ ಪ್ರಭೇದ. ಇಪ್ಪತ್ತನೆಯ ಶತಮಾನದ ಮಧ್ಯಕ್ಕೆ ಬರುವಷ್ಟರಲ್ಲಿ ನೂರಾರು ಹೆಸರುಗಳು ರಾಶಿ ಬಿದ್ದಿದ್ದವು. ಅವುಗಳಲ್ಲಿ ಎಷ್ಟು ನಿಜವಾದ ಪ್ರಭೇದ, ಎಷ್ಟು ಒಂದಕ್ಕೇ ಇಟ್ಟ ನಾಲ್ಕಾರು ಹೆಸರು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಈ ರಾಶಿಯನ್ನು ಬಿಡಿಸಿ, ಒಪ್ಪವಾಗಿ ವಿಂಗಡಿಸಿ ಇಟ್ಟವರ ಕಸುಬಿನ ಬಗ್ಗೆ ಈ ಲೇಖನ. ವರ್ಗೀಕರಣ ಎಂದರೆ ಹೆಸರಿಡುವ ಒಣ ಕೆಲಸ ಎಂಬ ಭಾವನೆ ವಿಜ್ಞಾನಿಗಳಲ್ಲೂ ಇದೆ. ನನ್ನ ಮಟ್ಟಿಗೆ ಸ್ಯೂಡೊಮೊನಾಸ್ ವರ್ಗೀಕರಣ ಕಳೆದ ಶತಮಾನದ ಜೀವವಿಜ್ಞಾನದ ಅತ್ಯಂತ ನಾಜೂಕಾದ ಕೈಕೆಲಸಗಳಲ್ಲಿ ಒಂದು.

ಕಷ್ಟ ಎಲ್ಲಿದೆ ಎಂದು ಮೊದಲು ನೋಡೋಣ. ಹಕ್ಕಿಗಳನ್ನು ವಿಂಗಡಿಸುವವರಿಗೆ ಗರಿ ಇದೆ, ಕೊಕ್ಕು ಇದೆ, ಕೂಗು ಇದೆ. ಹೂಗಿಡ ವಿಂಗಡಿಸುವವರಿಗೆ ಎಸಳು, ಕೇಸರ ಇವೆ. ಬ್ಯಾಕ್ಟೀರಿಯಾಕ್ಕೆ ಇದಾವುದೂ ಇಲ್ಲ. ಎರಡು ಮೂರು ಮೈಕ್ರಾನ್ ಉದ್ದದ ಕಡ್ಡಿ. ಸೂಕ್ಷ್ಮದರ್ಶಕದಡಿ ಒಂದರಂತೆ ಇನ್ನೊಂದು. ಗಂಡು ಹೆಣ್ಣು ಎಂಬುದಿಲ್ಲವಾದ್ದರಿಂದ, ಕೂಡಿದರೆ ಮರಿಯಾಗುತ್ತದೆಯೇ ಎಂದು ನೋಡಿ ಪ್ರಭೇದ ನಿರ್ಧರಿಸುವ ದಾರಿಯೂ ಮುಚ್ಚಿದೆ. ಆಗ ಉಳಿಯುವ ದಾರಿ ನಡವಳಿಕೆಯದು. ಅದು ಹೇಗೆ ಉಸಿರಾಡುತ್ತದೆ? ಏನು ತಿನ್ನುತ್ತದೆ? ತಿಂದದ್ದನ್ನು ಏನು ಮಾಡುತ್ತದೆ? ಎಷ್ಟು ಚಳಿ, ಎಷ್ಟು ಸೆಕೆ ತಡೆಯುತ್ತದೆ?

ಉಸಿರಾಟದ ಪ್ರಶ್ನೆಗೆ ಉತ್ತರ ಪಡೆಯುವ ಒಂದು ಸರಳ ಪರೀಕ್ಷೆಯನ್ನು ರುಡಾಲ್ಫ್ ಹ್ಯೂ ಮತ್ತು ಐನಾರ್ ಲೈಫ್ಸನ್ 1953ರಲ್ಲಿ ಪ್ರಕಟಿಸಿದರು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇಂದಿಗೂ ಮಾಡಿಸುತ್ತಾರೆ. ಎರಡು ಪ್ರನಾಳ. ಎರಡರಲ್ಲೂ ಗ್ಲೂಕೋಸ್ ಬೆರೆತ, ಅರೆ ಗಟ್ಟಿಯಾದ ಹಸಿರು ಮಾಧ್ಯಮ. ಆ ಹಸಿರು ಬ್ರೋಮೊಥೈಮಾಲ್ ಬ್ಲೂ ಎಂಬ ಬಣ್ಣದ್ದು. ಬ್ಯಾಕ್ಟೀರಿಯಾವನ್ನು ಸೂಜಿಯಲ್ಲಿ ಎರಡಕ್ಕೂ ಚುಚ್ಚಿ, ಒಂದರ ಮೇಲೆ ಮಾತ್ರ ಪ್ಯಾರಾಫಿನ್ ಎಣ್ಣೆ ಹೊಯ್ಯಬೇಕು. ಎಣ್ಣೆ ಹೊಯ್ದದ್ದರೊಳಕ್ಕೆ ಗಾಳಿ ಇಳಿಯದು. ಸಕ್ಕರೆ ಆಮ್ಲವಾದರೆ ಹಸಿರು ಹಳದಿಗೆ ತಿರುಗುತ್ತದೆ. ಕರುಳಿನ ಇ. ಕೊಲೈಯಂಥವು ಎರಡೂ ಪ್ರನಾಳಗಳನ್ನು ಹಳದಿ ಮಾಡುತ್ತವೆ, ಗಾಳಿ ಇಲ್ಲದಿದ್ದರೂ ಸಕ್ಕರೆ ಹುಳಿಸಿ ಬದುಕಬಲ್ಲವು. ಸ್ಯೂಡೊಮೊನಾಸ್ ಇಟ್ಟರೆ ತೆರೆದ ಪ್ರನಾಳ ಮಾತ್ರ ಮೇಲಿನಿಂದ ಹಳದಿಯಾಗುತ್ತ ಬರುತ್ತದೆ; ಎಣ್ಣೆಯಡಿಯದು ಹಸಿರಾಗಿಯೇ ಉಳಿಯುತ್ತದೆ. ಹುಳಿಸುವ ವಿದ್ಯೆ ಇವಕ್ಕೆ ಬಾರದು. ಬದುಕೆಲ್ಲ ಉಸಿರಾಟದ ಮೇಲೆ. ಕೆಲವು ಮಾತ್ರ, ಆಮ್ಲಜನಕ ತೀರಿದಾಗ ನೈಟ್ರೇಟನ್ನು ಅದರ ಬದಲಿಗೆ ಬಳಸಿ ಉಸಿರಾಡುತ್ತವೆ.

ಊಟದ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರಲ್ಲಿ ಮೊದಲಿಗರು ಹಾಲೆಂಡಿನ ಡೆಲ್ಫ್ಟ್‌ನವರು. 1926ರಲ್ಲಿ ಡೆನ್ ಡೂರೆನ್ ಡೆ ಯೋಂಗ್ ಎಂಬ ಸಂಶೋಧಕ ಇನ್ನೂರರಷ್ಟು ಬಗೆಯ ಸಾವಯವ ವಸ್ತುಗಳನ್ನು ಒಂದೊಂದಾಗಿ ಬ್ಯಾಕ್ಟೀರಿಯಾಗಳ ಮುಂದಿಟ್ಟು ಯಾವುದರಲ್ಲಿ ಬೆಳೆಯುತ್ತವೆ ಎಂದು ನೋಡಿದರು. ಸ್ಯೂಡೊಮೊನಾಸ್ ಪುಟಿಡಾ ಎಂಬುದು ಅವುಗಳಲ್ಲಿ ಹಲವು ಡಜನ್ ವಸ್ತುಗಳನ್ನು, ಪ್ರತಿಯೊಂದನ್ನೂ ಏಕೈಕ ಆಹಾರವಾಗಿಟ್ಟುಕೊಂಡು, ಜೀರ್ಣಿಸಿಕೊಂಡಿತು. ಡೆಲ್ಫ್ಟ್‌ನಲ್ಲಿ ಕಲಿತ ಸಿ. ಬಿ. ವಾನ್ ನೀಲ್ ಮುಂದೆ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಎಂಬ ಕಡಲತೀರದ ಊರಿನಲ್ಲಿ ಪಾಠ ಹೇಳಿದರು. ಅವರಲ್ಲಿ ಕಲಿತವರು ಕೆನಡಾದ ರೋಜರ್ ಸ್ಟೇನಿಯರ್. ಆ ವಿದ್ಯೆ ಹೀಗೆ ಗುರುವಿನಿಂದ ಶಿಷ್ಯನಿಗೆ ದಾಟಿ ಬರ್ಕ್ಲಿಗೆ ಬಂತು.

ಬರ್ಕ್ಲಿಯಲ್ಲಿ ಸ್ಟೇನಿಯರ್ ಜೊತೆಗಿದ್ದವರು ರಷ್ಯಾದಲ್ಲಿ ಹುಟ್ಟಿದ ಮೈಕೆಲ್ ಡೌಡೊರಾಫ್ ಮತ್ತು ಅರ್ಜೆಂಟೀನಾದಿಂದ ಬಂದ ನಾರ್ಬರ್ಟೊ ಪಲ್ಲೆರೋನಿ. ಮೂವರೂ ಸೇರಿ 1966ರಲ್ಲಿ ‘ವಾಯುಜೀವಿ ಸ್ಯೂಡೊಮೊನಾಡ್‌ಗಳು: ಒಂದು ವರ್ಗೀಕರಣ ಅಧ್ಯಯನ’ ಎಂಬ ಪ್ರಬಂಧ ಪ್ರಕಟಿಸಿದರು. ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ಪುಟ ತೆಗೆದುಕೊಂಡ ಪ್ರಬಂಧ ಅದು. 267 ತಳಿಗಳನ್ನು ಕಲೆಹಾಕಿ, 146 ಸಾವಯವ ವಸ್ತುಗಳ ಮೇಲೆ ಪರೀಕ್ಷಿಸಿದ್ದರು. ಗುಣಿಸಿ ನೋಡಿ, ಹತ್ತಿರಹತ್ತಿರ 39,000 ಪ್ರಶ್ನೆ. ಕಂಪ್ಯೂಟರ್ ಇಲ್ಲ, ಯಂತ್ರದ ಕೈ ಇಲ್ಲ.

ಇಷ್ಟನ್ನು ಮಾಡಲು ಸಾಧ್ಯವಾದದ್ದು ಒಂದು ಮಖಮಲ್ ಬಟ್ಟೆಯ ತುಂಡಿನಿಂದ. ಆ ಉಪಾಯ ಅವರದಲ್ಲ. ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಬೇರೊಂದು ಕೆಲಸಕ್ಕೆಂದು ಕಂಡುಕೊಂಡದ್ದು. ಮೊದಲು ಒಂದು ಪೆಟ್ರಿ ತಟ್ಟೆಯಲ್ಲಿ ಪುಷ್ಟಿಯಾದ ಅಗರ್ ಮೇಲೆ ಬೇರೆ ಬೇರೆ ತಳಿಗಳನ್ನು ಗೊತ್ತಾದ ಜಾಗಗಳಲ್ಲಿ ಚಿಕ್ಕ ಚಿಕ್ಕ ಮಚ್ಚೆಗಳಾಗಿ ಬೆಳೆಸಬೇಕು. ಇದು ಮೂಲ ತಟ್ಟೆ. ತಟ್ಟೆಯ ಬಾಯಿಯಷ್ಟೇ ಅಗಲದ ದಿಮ್ಮಿಯ ಮೇಲೆ, ಬಿಸಿ ಹಬೆಯಲ್ಲಿ ಶುದ್ಧಿ ಮಾಡಿದ ಮಖಮಲ್ ಬಿಗಿದು, ಮೂಲ ತಟ್ಟೆಯನ್ನು ಅದರ ಮೇಲೆ ಬೋರಲಾಗಿ ಮೆತ್ತಗೆ ಒತ್ತಬೇಕು. ಮಖಮಲ್ಲಿನ ನವಿರು ಎಳೆಗಳು ಒಂದೊಂದು ಮಚ್ಚೆಯಿಂದಲೂ ಅಷ್ಟಷ್ಟು ಜೀವಕೋಶ ಎತ್ತಿಕೊಳ್ಳುತ್ತವೆ. ಈಗ ಹೊಸ ತಟ್ಟೆಗಳನ್ನು ಅದೇ ಬಟ್ಟೆಯ ಮೇಲೆ ಒಂದರ ಹಿಂದೊಂದು ಒತ್ತುತ್ತ ಹೋದರೆ ಪ್ರತಿ ತಟ್ಟೆಗೂ ಅದೇ ವಿನ್ಯಾಸ ದಾಟುತ್ತದೆ. ಹೊಸ ತಟ್ಟೆಗಳಲ್ಲಿ ಲವಣ, ನೀರು, ಅಗರ್ ಮತ್ತು ಒಂದೇ ಒಂದು ಆಹಾರ. ಒಂದರಲ್ಲಿ ಗ್ಲೂಕೋಸ್, ಇನ್ನೊಂದರಲ್ಲಿ ಬೆಂಜೊಯಿಕ್ ಆಮ್ಲ, ಮತ್ತೊಂದರಲ್ಲಿ ಯಾವುದೋ ಅಮೈನೋ ಆಮ್ಲ, ಮಗದೊಂದರಲ್ಲಿ ಟೆಸ್ಟೊಸ್ಟೆರಾನ್. ಯಾವ ತಟ್ಟೆಯಲ್ಲಿ ಯಾವ ಮಚ್ಚೆ ಮತ್ತೆ ಮೂಡಿತು ಎಂದು ಬರೆದುಕೊಂಡರೆ ಉತ್ತರ ಕೈಗೆ ಬಂತು.

ಹೇಳುವುದು ಸುಲಭ. ಒತ್ತಿದ್ದು ಜೋರಾದರೆ ಮಚ್ಚೆಗಳು ಕಲಸಿಹೋಗುತ್ತವೆ. ಮೆತ್ತಗಾದರೆ ಕೆಲವು ದಾಟುವುದೇ ಇಲ್ಲ. ಮೂಲ ತಟ್ಟೆಯ ಊಟ ಸ್ವಲ್ಪ ಬಟ್ಟೆಯ ಜೊತೆ ಬಂದುಬಿಟ್ಟರೆ ಅದನ್ನೇ ತಿಂದು ಮಸುಕಾಗಿ ಬೆಳೆಯುವ ತಳಿ ಸುಳ್ಳು ಹೇಳುತ್ತದೆ. ಅದಕ್ಕೇ ಆಹಾರವೇ ಇಲ್ಲದ ತಟ್ಟೆಯೊಂದನ್ನೂ ಜೊತೆಗೆ ಒತ್ತಿ ಇಡಬೇಕು. ಪ್ರತಿ ಬೆಳವಣಿಗೆಯನ್ನೂ ಅದರ ಪಕ್ಕದಲ್ಲಿ ಹಿಡಿದು ನೋಡಿ ತೀರ್ಮಾನಿಸಬೇಕು. ತಡವಾಗಿ ಎದ್ದು ಬರುವ ಒಂದೆರಡು ಬಿಡಿ ಬೊಟ್ಟುಗಳು ಇಡೀ ತಳಿಯ ಗುಣವಲ್ಲ, ಅವು ರೂಪಾಂತರಿತ ಕೋಶಗಳು ಎಂದು ಗುರುತಿಸುವ ಕಣ್ಣು ಬೇಕು. ಈ ಕಣ್ಣು ಪುಸ್ತಕ ಓದಿ ಬರುವುದಲ್ಲ.

ಊಟದ ಪಟ್ಟಿಯ ಜೊತೆಗೆ ಇತರ ಲಕ್ಷಣಗಳನ್ನೂ ಅವರು ಸೇರಿಸಿದರು. ಕಬ್ಬಿಣ ಕಡಿಮೆ ಇರುವ ಮಾಧ್ಯಮದಲ್ಲಿ ಬೆಳೆಸಿ ನೇರಳಾತೀತ ದೀಪದಡಿ ಹಿಡಿದರೆ ಕೆಲವು ಹಳದಿ ಹಸಿರಾಗಿ ಹೊಳೆಯುತ್ತವೆ. ಆ ಹೊಳಪಿನ ವಸ್ತುವೇ ಪಯೋವರ್ಡಿನ್, ಸುತ್ತಲಿನ ಕಬ್ಬಿಣವನ್ನು ಕಸಿದು ತರುವ ಸಾಧನ. ಹೊಳೆಯುವ ಗುಂಪಿನೊಳಗೆ 41 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಬೆಳೆಯುವುದು ಎರುಜಿನೋಸಾ. ಆ ಸೆಕೆಯಲ್ಲಿ ಬೆಳೆಯದೆ, 4 ಡಿಗ್ರಿಯ ಚಳಿಯಲ್ಲೂ ಬೆಳೆಯುವುದು ಫ್ಲೋರೆಸೆನ್ಸ್. ಫ್ಲೋರೆಸೆನ್ಸ್ ಜೆಲಾಟಿನನ್ನು ಕರಗಿಸುತ್ತದೆ, ಪುಟಿಡಾ ಕರಗಿಸುವುದಿಲ್ಲ. ಇನ್ನು ಕೆಲವು ಪ್ರಭೇದಗಳು ಊಟ ಹೆಚ್ಚಾದಾಗ ಪಿಎಚ್‌ಬಿ ಎಂಬ ಪ್ಲಾಸ್ಟಿಕ್ಕಿನಂಥ ಕಣಗಳನ್ನು ಮೈಯೊಳಗೆ ಕೂಡಿಟ್ಟುಕೊಳ್ಳುತ್ತವೆ. ಹೊಳೆಯುವ ಗುಂಪು ಹಾಗೆ ಕೂಡಿಡುವುದಿಲ್ಲ. ಬೆಂಜೀನ್ ಉಂಗುರವಿರುವ ವಸ್ತುಗಳನ್ನು ತಿನ್ನುವಾಗ ಉಂಗುರವನ್ನು ಯಾವ ಜಾಗದಲ್ಲಿ ಒಡೆಯುತ್ತವೆ ಎಂಬುದನ್ನೂ ನೋಡಿದರು. ಒಂದು ಕಡೆ ಒಡೆದರೆ ಪ್ರನಾಳದಲ್ಲಿ ಹಳದಿ, ಇನ್ನೊಂದು ಕಡೆ ಒಡೆದರೆ ರಾಸಾಯನಿಕ ಹನಿಸಿದಾಗ ನೇರಳೆ.

ಈ ಎಲ್ಲ ಲಕ್ಷಣಗಳಲ್ಲಿ ಯಾವುದು ಮುಖ್ಯ, ಯಾವುದು ಗೌಣ ಎಂದು ಮೊದಲೇ ತೀರ್ಮಾನಿಸದೆ ಇದ್ದದ್ದು ಬರ್ಕ್ಲಿಯವರ ದೊಡ್ಡತನ. ಎಲ್ಲ ತಳಿಗಳಿಗೂ ಒಂದೇ ಪ್ರಶ್ನೆಪತ್ರಿಕೆ. ಉತ್ತರಗಳು ಹೊಂದಿಕೊಂಡು ಬಂದ ಕಡೆ ಗುಂಪು. ಇದರ ಫಲ ಎಷ್ಟು ದೂರ ಹೋಯಿತು ಎಂಬುದಕ್ಕೆ ಕುದುರೆ ರೋಗದ ಕಥೆಯೊಂದು ಸಾಕು.

ಗ್ಲಾಂಡರ್ಸ್ ಕುದುರೆ, ಕತ್ತೆಗಳಿಗೆ ಬರುವ ಹಳೆಯ ಮಾರಿ. ಅದರ ಬ್ಯಾಕ್ಟೀರಿಯಾವನ್ನು ಜರ್ಮನಿಯಲ್ಲಿ 1882ರಲ್ಲೇ ಹಿಡಿದಿದ್ದರು. ಮುಂದೆ 1912ರಲ್ಲಿ, ಆಗಿನ್ನೂ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ರಂಗೂನಿನಲ್ಲಿ, ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಎಂಬ ವೈದ್ಯರು ಮನುಷ್ಯರಲ್ಲಿ ಗ್ಲಾಂಡರ್ಸಿನಂತೆಯೇ ಕಾಣುವ ಬೇರೊಂದು ರೋಗವನ್ನು ವರ್ಣಿಸಿದರು. ಇಂದು ಅದಕ್ಕೆ ಮೆಲಿಯೊಯ್ಡೊಸಿಸ್ ಎನ್ನುತ್ತೇವೆ. ಎರಡೂ ಬ್ಯಾಕ್ಟೀರಿಯಾಗಳಿಗೆ ಮ್ಯಾಲಿಯೈ, ಸ್ಯೂಡೊಮ್ಯಾಲಿಯೈ ಎಂದು ಜೋಡಿ ಹೆಸರು ಬಂತಾದರೂ ಕುಲದ ವಿಷಯದಲ್ಲಿ ನೆಲೆ ಸಿಗಲಿಲ್ಲ. ಬೇರೆ ಬೇರೆಯವರು ಬೇರೆ ಬೇರೆ ಕುಲಗಳಲ್ಲಿ ಕೂರಿಸಿ ಎಬ್ಬಿಸಿದರು. ಸ್ಯೂಡೊಮ್ಯಾಲಿಯೈಗೆ ತುದಿಯಲ್ಲಿ ಬಾಲವಿದೆ, ಸ್ಯೂಡೊಮೊನಾಸ್‌ಗೆ ಸೇರಿಸಬಹುದು. ಮ್ಯಾಲಿಯೈಗೆ ಬಾಲವೇ ಇಲ್ಲ, ಅಲುಗಾಡದೆ ಬಿದ್ದಿರುತ್ತದೆ. ಮಿಗುಲಾ ಬರೆದ ಲಕ್ಷಣದ ಪ್ರಕಾರ ಅದಕ್ಕೆ ಈ ಕುಲದ ಬಾಗಿಲು ಮುಚ್ಚಿದ್ದೇ.

1966ರಲ್ಲೇ ರೆಡ್‌ಫರ್ನ್ ಎಂಬ ಸಂಶೋಧಕರು ಪಲ್ಲೆರೋನಿ, ಸ್ಟೇನಿಯರ್ ಜೊತೆ ಸೇರಿ ಎರಡನ್ನೂ ಆ ಊಟದ ಪರೀಕ್ಷೆಗೆ ಒಡ್ಡಿದರು. ಸ್ಯೂಡೊಮ್ಯಾಲಿಯೈ ತಿನ್ನುವುದನ್ನೇ ಮ್ಯಾಲಿಯೈ ತಿನ್ನುತ್ತದೆ, ಕೆಲವನ್ನು ಬಿಟ್ಟಿದೆ ಅಷ್ಟೇ. ಮೈಯೊಳಗಿನ ಕಣಗಳೂ ಹಾಗೆಯೇ. ಬಾಲವೊಂದರಿಂದಲೇ ಗುರುತಿಸುತ್ತಿದ್ದ ಕುಲಕ್ಕೆ ಬಾಲವಿಲ್ಲದ ಬ್ಯಾಕ್ಟೀರಿಯಾವನ್ನು ಸೇರಿಸಬೇಕೆಂದು ಅವರು ಬರೆದರು. ಆ ದಿನಗಳಲ್ಲಿ ಇದಕ್ಕೆ ಗುಂಡಿಗೆ ಬೇಕಿತ್ತು. ನಾಲ್ಕು ದಶಕಗಳ ಬಳಿಕ, 2004ರಲ್ಲಿ, ಎರಡರ ಪೂರ್ಣ ಜೀನೋಮ್ ಓದಿದಾಗ ಮ್ಯಾಲಿಯೈ ಎಂಬುದು ಸ್ಯೂಡೊಮ್ಯಾಲಿಯೈಯದೇ ಒಂದು ಕವಲು ಎಂದು ಗೊತ್ತಾಯಿತು. ಮಣ್ಣು ಬಿಟ್ಟು ಪ್ರಾಣಿಯ ದೇಹವನ್ನೇ ಮನೆ ಮಾಡಿಕೊಂಡ ಮೇಲೆ ಬೇಡವಾದ ಜೀನುಗಳನ್ನು ಕಳೆದುಕೊಳ್ಳುತ್ತ ಬಂದಿತ್ತು. ಬಾಲದ ಓಡಾಟವೂ ಆ ನಷ್ಟದ ಲೆಕ್ಕದಲ್ಲೇ ಹೋದದ್ದು. ಡಿಎನ್‌ಎ ಹೇಳಿದ್ದನ್ನು ಮಖಮಲ್ ಬಟ್ಟೆ ಮೊದಲೇ ಹೇಳಿತ್ತು.

ಈರುಳ್ಳಿಯ ಕಥೆಯೂ ಹೀಗೆಯೇ, ಸ್ವಲ್ಪ ಚಿಕ್ಕದು. ಬರ್ಕ್ಲಿಯವರಿಗೆ ಸಿಕ್ಕ ಒಂದು ಗುಂಪು ನೂರರ ಆಸುಪಾಸಿನಷ್ಟು ವಸ್ತುಗಳನ್ನು ತಿನ್ನುತ್ತಿತ್ತು. ಅದರ ಹಸಿವಿಗೆ ಬೆರಗಾಗಿ ಮಲ್ಟಿವೊರಾನ್ಸ್ ಎಂದು ಹೊಸ ಹೆಸರಿಟ್ಟರು. ಆದರೆ 1950ರಲ್ಲೇ ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ವಾಲ್ಟರ್ ಬರ್ಕ್‌ಹೋಲ್ಡರ್ ಈರುಳ್ಳಿ ಗೆಡ್ಡೆ ಕೊಳೆಸುವ ಬ್ಯಾಕ್ಟೀರಿಯಾವೊಂದನ್ನು ಸಿಪೇಸಿಯಾ ಎಂದು ವರ್ಣಿಸಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಒಂದೇ ಎಂದು ತಿಳಿಯಿತು. ಹಳೆಯ ಹೆಸರಿಗೇ ಹಕ್ಕು. 1970ರಲ್ಲಿ ಬರ್ಕ್ಲಿಯವರೇ ತಮ್ಮ ಹೆಸರನ್ನು ವಾಪಸ್ ತೆಗೆದುಕೊಂಡರು.

ಇಷ್ಟೆಲ್ಲ ಮಾಡಿದ ಸ್ಟೇನಿಯರ್ ಬ್ಯಾಕ್ಟೀರಿಯಾಗಳ ವಂಶಾವಳಿ ಕಟ್ಟುವ ಆಸೆಯನ್ನು ಆ ಹೊತ್ತಿಗೆ ಕೈಬಿಟ್ಟಿದ್ದರು ಎಂಬುದು ವಿಚಿತ್ರ. 1941ರಲ್ಲಿ ವಾನ್ ನೀಲ್ ಜೊತೆ ಅಂಥ ಪ್ರಯತ್ನ ಮಾಡಿ, ಮುಂದೆ ಇದು ಆಗದ ಮಾತು ಎಂದು ಇಬ್ಬರೂ ಹಿಂದೆ ಸರಿದಿದ್ದರು. ಗುಂಪು ಮಾಡಬಹುದು, ಆದರೆ ಯಾರು ಯಾರಿಗೆ ದಾಯಾದಿ ಎಂದು ಹೇಳಲು ಆಧಾರವಿಲ್ಲ ಎಂಬುದು ಅವರ ನಿಲುವು. ಆಧಾರ ಸಿಕ್ಕಿದ್ದು ರೈಬೋಸೋಮ್‌ನಲ್ಲಿ.

ಜೀವಕೋಶದೊಳಗೆ ಪ್ರೋಟೀನ್ ಕಟ್ಟುವುದು ರೈಬೋಸೋಮ್. ಅದರ ಬಹುಭಾಗ ಆರ್‌ಎನ್‌ಎ. ಈ ಆರ್‌ಎನ್‌ಎಯಲ್ಲಿ ಬದಲಾವಣೆ ಬಹಳ ನಿಧಾನ, ಕೆಟ್ಟರೆ ಜೀವವೇ ಹೋಗುತ್ತದಲ್ಲ. ಪಲ್ಲೆರೋನಿ, ಡೌಡೊರಾಫ್ ಮತ್ತು ಸಂಗಡಿಗರು ಒಂದು ತಳಿಯ ಡಿಎನ್‌ಎಯನ್ನು ಶೋಧಕ ಹಾಳೆಗೆ ಅಂಟಿಸಿ, ಇನ್ನೊಂದು ತಳಿಯ ವಿಕಿರಣ ಗುರುತಿನ ರೈಬೋಸೋಮ್ ಆರ್‌ಎನ್‌ಎಯನ್ನು ಅದರ ಮೇಲೆ ಬಿಟ್ಟು, ಎಷ್ಟು ಅಂಟಿತು ಎಂದು ಅಳೆದರು. ಹತ್ತಿರದ ಸಂಬಂಧವಾದರೆ ಹೆಚ್ಚು ಅಂಟುತ್ತದೆ. 1973ರಲ್ಲಿ ಫಲಿತಾಂಶ ಬಂತು. ಸ್ಯೂಡೊಮೊನಾಸ್ ಎಂಬುದು ಒಂದು ಕುಲವಲ್ಲ, ಐದು ಗುಂಪುಗಳು. ಹೊಳೆಯುವವುಗಳು ಮತ್ತು ಅವುಗಳ ಬಂಧುಗಳು ಒಂದು ಕಡೆ. ಸಿಪೇಸಿಯಾ, ಮ್ಯಾಲಿಯೈ, ಸ್ಯೂಡೊಮ್ಯಾಲಿಯೈ, ಗಿಡಗಳನ್ನು ಸೊರಗಿಸುವ ಸೊಲನೇಸಿಯಾರಮ್ ಇನ್ನೊಂದು ಕಡೆ. ಉಂಗುರವನ್ನು ಬೇರೆ ಜಾಗದಲ್ಲಿ ಒಡೆಯುವ ಅಸಿಡೊವೊರಾನ್ಸ್ ಬಳಗ ಮೂರನೆಯದು. ಡಿಮಿನ್ಯೂಟಾ, ವೆಸಿಕ್ಯುಲಾರಿಸ್ ಎಂಬ ಎರಡು ನಾಲ್ಕನೆಯದು. ಮಾಲ್ಟೊಫಿಲಿಯಾ ಐದನೆಯದು, ಅದೂ ಕ್ಸಾಂಥೊಮೊನಾಸ್ ಎಂಬ ಬೇರೆಯೇ ಕುಲದ ಜೊತೆ. ಪಿಎಚ್‌ಬಿ ಕಣ ಕೂಡಿಡುವವು ಮತ್ತು ಕೂಡಿಡದವು ಎಂದು 1966ರಲ್ಲಿ ಕಂಡ ವ್ಯತ್ಯಾಸ ಇಲ್ಲಿ ಕುಟುಂಬಗಳ ಬೇಲಿಯಾಗಿ ನಿಂತಿತು.

ಐದು ಗುಂಪು ಎಂದು ಗೊತ್ತಾದ ಮರುದಿನವೇ ಐದು ಹೆಸರು ಇಡಲಿಲ್ಲ, ನನಗೆ ಇಷ್ಟವಾಗುವುದು ಈ ತಾಳ್ಮೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೂತವರಿಗೆ ಗುಂಪು ಗುರುತಿಸುವ ಸುಲಭ ಲಕ್ಷಣ ಸಿಗುವವರೆಗೆ ಹೆಸರು ಬದಲಿಸಿ ಏನು ಉಪಯೋಗ? ಬರ್ಜೀಸ್ ಮ್ಯಾನುಯಲ್ ಎಂಬ ಬ್ಯಾಕ್ಟೀರಿಯಾಗಳ ಆಕರ ಗ್ರಂಥದ 1984ರ ಸಂಪುಟದಲ್ಲೂ ಪಲ್ಲೆರೋನಿ ಎಲ್ಲವನ್ನೂ ಸ್ಯೂಡೊಮೊನಾಸ್ ಎಂಬ ಸೂರಿನಡಿಯೇ, ಆದರೆ ಗುಂಪುವಾರು ವಿಭಾಗಿಸಿ, ಇಟ್ಟರು. ಬೆಲ್ಜಿಯಂನ ಘೆಂಟ್‌ನಲ್ಲಿ ಜೋಸೆಫ್ ಡೆ ಲೇ ತಂಡ ಇದೇ ಬಗೆಯ ಅಳತೆಗಳನ್ನು ಇನ್ನೂ ವಿಸ್ತರಿಸಿತು. ಅಮೆರಿಕದ ಕಾರ್ಲ್ ವೂಸ್ ತೋರಿದ ದಾರಿಯಲ್ಲಿ ರೈಬೋಸೋಮ್ ಆರ್‌ಎನ್‌ಎಯ ಅಕ್ಷರಗಳನ್ನೇ ಓದಿದಾಗ ಚಿತ್ರ ಸ್ಪಷ್ಟವಾಯಿತು. ಐದು ಗುಂಪುಗಳು ಪ್ರೋಟಿಯೊಬ್ಯಾಕ್ಟೀರಿಯಾ ಎಂಬ ಮಹಾಬಳಗದ ಮೂರು ದೊಡ್ಡ ಕವಲುಗಳಲ್ಲಿ ಹಂಚಿಹೋಗಿದ್ದವು. ಎರುಜಿನೋಸಾಗೆ ಡಿಮಿನ್ಯೂಟಾಗಿಂತ ನಮ್ಮ ಕರುಳಿನ ಇ. ಕೊಲೈಯೇ ಹತ್ತಿರದ ನೆಂಟ. ಮಿಗುಲಾ ಹಿಡಿದ ಬಾಲ ಎಷ್ಟು ದೂರದವರನ್ನು ಒಂದೆಡೆ ಎಳೆತಂದಿತ್ತು ನೋಡಿ.

ಆಮೇಲೆ ಹೆಸರುಗಳು ಸರಸರನೆ ಬಂದವು. ಜಪಾನಿನ ಯಬುಚಿ ತಂಡ 1992ರಲ್ಲಿ ಎರಡನೆಯ ಗುಂಪನ್ನು ಬೇರ್ಪಡಿಸಿ, ಈರುಳ್ಳಿಯ ಬರ್ಕ್‌ಹೋಲ್ಡರ್ ನೆನಪಿಗೆ ಬರ್ಕೋಲ್ಡೇರಿಯಾ ಎಂದಿತು. ಅದರೊಳಗಿಂದ 1995ರಲ್ಲಿ ರಾಲ್ಸ್ಟೋನಿಯಾ ಹೊರಬಂತು. ಅದು ಬರ್ಕ್ಲಿಯಲ್ಲಿ ಡೌಡೊರಾಫ್, ಪಲ್ಲೆರೋನಿ ಜೊತೆ ಕೆಲಸ ಮಾಡಿದ ಎರಿಕಾ ರಾಲ್ಸ್ಟನ್ ಅವರ ಹೆಸರು. ಅಸಿಡೊವೊರಾನ್ಸ್ ಕೊಮಾಮೊನಾಸ್ ಆಗಿ, ಬಳಿಕ 1999ರಲ್ಲಿ ಡೆಲ್ಫ್ಟಿಯಾ ಆಯಿತು. ಡೆಲ್ಫ್ಟ್ ನಗರಕ್ಕೆ ಸಂದ ಗೌರವ. ನಾಲ್ಕನೆಯ ಗುಂಪು ಬ್ರೆವುಂಡಿಮೊನಾಸ್. ಪಾಪದ ಮಾಲ್ಟೊಫಿಲಿಯಾ ಮಾತ್ರ 1983ರಲ್ಲಿ ಕ್ಸಾಂಥೊಮೊನಾಸ್, 1993ರಲ್ಲಿ ಸ್ಟೆನೊಟ್ರೊಫೊಮೊನಾಸ್ ಎಂದು ಹತ್ತು ವರ್ಷಗಳಲ್ಲಿ ಎರಡು ಬಾರಿ ವಿಳಾಸ ಬದಲಿಸಿತು. ವೈದ್ಯರು ಗೊಣಗಿದ್ದು ಸಹಜವೇ.

ಹೆಸರಿಡುವುದಕ್ಕೂ ಕಟ್ಟುಪಾಡಿದೆ. 1980ರ ಜನವರಿ 1ರಂದು ಹಳೆಯ ಹೆಸರುಗಳ ರಾಶಿಯನ್ನೆಲ್ಲ ಬದಿಗಿಟ್ಟು, ಒಪ್ಪಿತ ಹೆಸರುಗಳ ಪಟ್ಟಿಯಿಂದ ಹೊಸ ಲೆಕ್ಕ ಶುರುವಾಯಿತು. ಹೊಸ ಪ್ರಭೇದ ಎನ್ನುವವರು ಅದರ ಮಾದರಿ ತಳಿಯನ್ನು ಎರಡು ಬೇರೆ ದೇಶಗಳ ಎರಡು ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇಡಿಸಲೇಬೇಕು. ನಿಮಗೆ ಅನುಮಾನವೇ? ತರಿಸಿಕೊಂಡು ಬೆಳೆಸಿ ನೋಡಿ. ಕುಲದ ಹೆಸರು ಕಾನೂನಿನ ಕಾಗದಕ್ಕೂ ಹತ್ತುತ್ತದೆ. 1980ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಬಂಗಾಳ ಮೂಲದ ಆನಂದ ಚಕ್ರವರ್ತಿಯವರ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆ ಎಂದು ತೀರ್ಪು ಕೊಟ್ಟಿತು. ಆ ಪೇಟೆಂಟಿನ ಹಕ್ಕುಸಾಧನೆ ಶುರುವಾಗುವುದೇ ‘ಸ್ಯೂಡೊಮೊನಾಸ್ ಕುಲದ ಬ್ಯಾಕ್ಟೀರಿಯಾ’ ಎಂದು.

ಸ್ಯೂಡೊಮೊನಾಸ್ ಕುಲದ ಈ ಪಾಲುಪಟ್ಟಿ ನಮ್ಮ ಹೊಲಗಳಿಗೂ ತಲುಪಿದೆ. ಮಲೆನಾಡಿನಲ್ಲಿ ಶುಂಠಿ ಬೆಳೆದವರಿಗೆ ದುಂಡಾಣು ಸೊರಗು ರೋಗ ಗೊತ್ತು. ಹಸಿರಾಗಿದ್ದ ಗಿಡ ಒಮ್ಮೆಗೇ ಜೋಲುತ್ತದೆ. ಕಾಂಡವನ್ನು ಬುಡದಲ್ಲಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ಬಿಳಿ ಎಳೆಗಳು ನೀರಿಗೆ ಇಳಿಯತೊಡಗುತ್ತವೆ. ಆ ಎಳೆಗಳು ಕೋಟ್ಯಂತರ ಬ್ಯಾಕ್ಟೀರಿಯಾಗಳು. ಟೊಮೆಟೊ, ಬದನೆಗೂ ಇದೇ ಕಾಟ. 1896ರಲ್ಲಿ ಅಮೆರಿಕದ ಅರ್ವಿನ್ ಸ್ಮಿತ್ ವರ್ಣಿಸಿದ ಸೊಲನೇಸಿಯಾರಮ್ ಇದು. ಬಹುಕಾಲ ಸ್ಯೂಡೊಮೊನಾಸ್ ಆಗಿದ್ದು, ನಂತರ ಬರ್ಕೋಲ್ಡೇರಿಯಾ, ಆಮೇಲೆ ರಾಲ್ಸ್ಟೋನಿಯಾ. 2014ರಲ್ಲಿ ಇದೂ ಮೂರು ಪ್ರಭೇದಗಳಾಗಿ ಒಡೆದು, ಏಷ್ಯಾದ ಶುಂಠಿಯ ಶತ್ರು ಈಗ ಸ್ಯೂಡೊಸೊಲನೇಸಿಯಾರಮ್. ಅದೇ ರೈತರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಮಣ್ಣಿಗೆ ಕೊಡುವ, ಬೀಜೋಪಚಾರಕ್ಕೆ ಬಳಸುವ ಬಿಳಿ ಪುಡಿ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್. ಪಯೋವರ್ಡಿನ್ ಬಿಟ್ಟು ಕಬ್ಬಿಣವನ್ನೆಲ್ಲ ತನ್ನ ಕಡೆ ಎಳೆದುಕೊಂಡು ರೋಗದ ಶಿಲೀಂಧ್ರಗಳನ್ನು ಹಸಿವಿಗೆ ನೂಕುತ್ತದೆ. ಕೆಲವು ತಳಿಗಳು ಜೀವನಿರೋಧಕಗಳನ್ನೂ ಸುರಿಸುತ್ತವೆ. ಹಳೆಯ ಪುಸ್ತಕಗಳಲ್ಲಿ ಶತ್ರುವಿಗೂ ಮಿತ್ರನಿಗೂ ಒಂದೇ ಕುಲನಾಮ.

ಆಸ್ಪತ್ರೆಯಲ್ಲಿ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಮೆಲಿಯೊಯ್ಡೊಸಿಸ್ ಇದೆ. ಮಣಿಪಾಲದ ವೈದ್ಯರು ಮಳೆಗಾಲದೊಂದಿಗೆ ಏರುವ ಈ ರೋಗದ ಬಗ್ಗೆ ಬರೆಯುತ್ತಲೇ ಬಂದಿದ್ದಾರೆ. ಮಧುಮೇಹಿಗಳಿಗೆ, ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೆ ಅಪಾಯ ಹೆಚ್ಚು. ಲ್ಯಾಬಿನಲ್ಲಿ ಬೆಳೆದದ್ದನ್ನು ‘ಸ್ಯೂಡೊಮೊನಾಸ್ ಯಾವುದೋ ಒಂದು’ ಎಂದು ಬರೆದು ಕಳಿಸಿದರೆ ಚಿಕಿತ್ಸೆಯೇ ದಾರಿ ತಪ್ಪೀತು. ಮೆಲಿಯೊಯ್ಡೊಸಿಸ್‌ಗೆ ವಾರಗಟ್ಟಲೆ ರಕ್ತನಾಳಕ್ಕೆ ಔಷಧ, ಅದಾದ ಮೇಲೆ ತಿಂಗಳುಗಟ್ಟಲೆ ಮಾತ್ರೆ ಬೇಕು. ಎಚ್ಚರದ ತಂತ್ರಜ್ಞರಿಗೆ ಒಂದು ಸುಳಿವು ಸಿಗುತ್ತದೆ: ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದ, ಆದರೆ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುವ ‘ಸ್ಯೂಡೊಮೊನಾಸ್’ ಕಂಡರೆ ಅದು ಸ್ಯೂಡೊಮೊನಾಸ್ ಅಲ್ಲದಿರಬಹುದು.

ಇನ್ನೊಂದು ಪಾಠ ಸಿಪೇಸಿಯಾ ಕಲಿಸಿದ್ದು. ಗಿಡಗಳ ಶಿಲೀಂಧ್ರ ಓಡಿಸುತ್ತದೆ ಎಂದು ಅಮೆರಿಕದಲ್ಲಿ ಅದನ್ನು ಜೈವಿಕ ಪೀಡೆನಾಶಕವಾಗಿ ನೋಂದಾಯಿಸಿದ್ದೂ ಇದೆ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ರೋಗಿಗಳ ಶ್ವಾಸಕೋಶಕ್ಕೆ ಸಿಪೇಸಿಯಾ ಹೊಕ್ಕರೆ ಜೀವಕ್ಕೇ ಅಪಾಯ ಎಂದು 1984ರಲ್ಲಿ ಟೊರಾಂಟೊದ ವೈದ್ಯರು ವರದಿ ಮಾಡಿದ್ದರು. ಹೊಲದ್ದೂ ಆಸ್ಪತ್ರೆಯದೂ ಒಂದೆಯೇ, ಬೇರೆಯೇ? ಉತ್ತರ ಹೇಳಬೇಕಾದವರು ವರ್ಗೀಕರಣದವರೇ. 1997ರಲ್ಲಿ ಘೆಂಟ್‌ನ ಪೀಟರ್ ವಂಡಾಮ್ ತಂಡ ಅದನ್ನು ಐದು ಭಾಗ ಮಾಡಿತು; ಈಗ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳು. ಒಳ್ಳೆಯವು ಈ ಕಡೆ, ಕೆಟ್ಟವು ಆ ಕಡೆ ಎಂಬ ಗೆರೆ ಮಾತ್ರ ಸಿಗಲಿಲ್ಲ. ಗೆರೆ ಇಲ್ಲ ಎಂದು ಖಚಿತವಾಗಿ ಹೇಳಿದ್ದೂ ದೊಡ್ಡ ಕೆಲಸವೇ.

ಈಗಿನ ಕೈಕೆಲಸ ಜೀನೋಮಿನದು. ಎರುಜಿನೋಸಾದ ಒಂದು ತಳಿಯ 63 ಲಕ್ಷ ಅಕ್ಷರಗಳ ಜೀನೋಮ್ 2000ದಲ್ಲಿ ಪ್ರಕಟವಾಯಿತು. ಎರಡು ತಳಿಗಳ ಜೀನೋಮುಗಳನ್ನು ಹೋಲಿಸಿದಾಗ ಸರಾಸರಿ ನೂರಕ್ಕೆ 95ರಷ್ಟು ಅಕ್ಷರಗಳು ಹೊಂದಿದರೆ ಒಂದೇ ಪ್ರಭೇದ ಎಂಬುದು ಈಗಿನ ಸಾಮಾನ್ಯ ಅಳತೆ. ಇಷ್ಟು ಪಾಲಾದ ಮೇಲೂ ಸ್ಯೂಡೊಮೊನಾಸ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಒಡೆಯುವುದೂ ನಿಂತಿಲ್ಲ. 2022ರಲ್ಲಿ ಸ್ಟುಟ್ಜೆರಿ ಬಳಗ ಸ್ಟುಟ್ಜೆರಿಮೊನಾಸ್ ಎಂಬ ಹೊಸ ಕುಲವಾಯಿತು. ಅಳತೆ ಕಂಪ್ಯೂಟರಿನಲ್ಲಿ ಸಲೀಸು, ಹಾಗಾಗಿ ಹೆಸರುಗಳ ವೇಗವೂ ಹೆಚ್ಚು. ಒಂದೇ ತಳಿಯ ಜೀನೋಮ್ ಓದಿ, ಅದು ಏನು ತಿನ್ನುತ್ತದೆ ಎಂದು ನಾಲ್ಕು ತಟ್ಟೆ ಒತ್ತಿಯೂ ನೋಡದೆ ಹೊಸ ಪ್ರಭೇದ ಘೋಷಿಸುವುದು ನನಗಂತೂ ಒಪ್ಪದು. 267 ತಳಿಗಳನ್ನು ಕೂಡಿಸಿಕೊಳ್ಳುವವರೆಗೆ ಬಾಯಿ ಬಿಡದವರ ಎದುರು ಅದು ಅವಸರದ ಕೆಲಸ.

ನೀವು ಕೃಷಿಕರಾಗಿದ್ದರೆ ಒಂದು ಮಾತು. ಮುಂದಿನ ಬಾರಿ ಗೊಬ್ಬರದಂಗಡಿಯಲ್ಲಿ ಸ್ಯೂಡೊಮೊನಾಸ್ ಕೇಳಿದಾಗ ಪೊಟ್ಟಣ ತಿರುಗಿಸಿ ಓದಿ. ಬರೀ ಕುಲದ ಹೆಸರಿದ್ದರೆ ಸಾಲದು. ಪ್ರಭೇದದ ಹೆಸರು, ತಳಿಯ ಗುರುತು ಸಂಖ್ಯೆ, ಒಂದು ಗ್ರಾಮಿನಲ್ಲಿ ಎಷ್ಟು ಜೀವಂತ ಕೋಶಗಳಿವೆ ಎಂಬ ಲೆಕ್ಕ, ಬಳಕೆಯ ಕೊನೆಯ ದಿನಾಂಕ, ಇವು ನಾಲ್ಕೂ ಕಾಣಬೇಕು. ಕಾಣದಿದ್ದರೆ ಅಂಗಡಿಯವರನ್ನು ಕೇಳಿ. ಅವರಲ್ಲಿ ಉತ್ತರವಿಲ್ಲದಿದ್ದರೆ ಆ ಪೊಟ್ಟಣ ಅಲ್ಲೇ ಬಿಟ್ಟು ಬನ್ನಿ.